ಕೆರೆಯ ಮೀನನ್ನು ಹಸನುಮಾಡುವ ವಿಷಯದಲ್ಲಿ ಗ್ರಾಮಮುಖ್ಯರ ಹೊಣೆ

ಬಯಲುಸೀಮೆಯ ನಮ್ಮ ಕೆರೆಗಳಲ್ಲಿ ಮಾಘಮಾಸವು ಕಳೆದು, ಅಂಗಳದ ನೀರು ಮೆಲ್ಲಮೆಲ್ಲನೆ ಸರಿದು ತೂಬಿನ ಕಡೆಯ ಮಡುವಿಗೆ ಇಳಿಯಲಾರಂಭಿಸಿದೊಡನೆ ಮೀನು ಹಿಡಿಯುವ ಕಾಲವು ಮೊದಲಾಗುತ್ತದೆ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಬಿಟ್ಟ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಮೊದಲಾದ ಮರಿಗಳು ಅಷ್ಟು ಹೊತ್ತಿಗೆ ತಕ್ಕಮಟ್ಟಿಗೆ ತೂಕಕ್ಕೆ ಬಂದಿರುತ್ತವೆ. ಮರಿಗಳನ್ನು ಆರಿಸುವುದು, ಬಿಡುವುದು, ಅವುಗಳಿಗೆ ಮೇವು ಹಾಕುವುದು ಇವೇ ಮುಂತಾದ ವಿಷಯಗಳಲ್ಲಿ ಬಲ್ಲವರು ಬೇಕಾದಷ್ಟು ಹೇಳಿರುತ್ತಾರೆ. ಆದರೆ ಮೀನು ಬಲೆಯಿಂದ ಹೊರಕ್ಕೆ ಬಂದ ಮೇಲೆ ಅದರ ಗತಿ ಏನಾಗುತ್ತದೆಂಬುದನ್ನು ನಮ್ಮ ಗ್ರಾಮಗಳಲ್ಲಿ ಅಷ್ಟಾಗಿ ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಆ ವಿಷಯವಾಗಿ ಗ್ರಾಮಮುಖ್ಯರಲ್ಲಿಯೂ ಭೂಮಾಲಿಕರಲ್ಲಿಯೂ ಎರಡು ಮಾತುಗಳನ್ನು ಅರಿಕೆ ಮಾಡಿಕೊಳ್ಳಬೇಕೆಂದು ಈ ಲೇಖನವನ್ನು ಬರೆದಿರುವೆನು.

ಮೊದಲನೆಯ ಬಲೆ ಬಿದ್ದ ದಿನ ಕೆರೆಯ ಏರಿಯ ಮೇಲೆ ನಿಂತು ನೋಡಿದವರಿಗೆ ನಾನು ಹೇಳುವುದು ಹೊಸದಾಗಿ ತೋರಲಾರದು. ಬೆಳಗಿನ ಜಾವದಲ್ಲಿಯೇ ಬಲೆಯನ್ನು ಎಳೆಯುತ್ತಾರೆ. ಹೊತ್ತು ಮೇಲಕ್ಕೇರುವಷ್ಟರಲ್ಲಿ ಮೀನು ರಾಶಿರಾಶಿಯಾಗಿ ಬರಿಯ ನೆಲದ ಮೇಲೆ ಬಿದ್ದಿರುತ್ತದೆ. ತೂಕಕ್ಕೂ ಚೌಕಾಸಿಗೂ ಒಂದು ಜಾವವು ಕಳೆಯುತ್ತದೆ. ಊರಿನವರು ಕೊಂಡ ಮೀನನ್ನು ಅಲ್ಲಿಯೇ ಕೆರೆಯ ಅಂಚಿನಲ್ಲಿ ಕೊಯ್ದು, ಕರುಳನ್ನು ನೀರಿಗೆ ಎಸೆದು, ಅದೇ ನೀರಿನಲ್ಲಿ ಮಾಂಸವನ್ನು ತೊಳೆದುಕೊಂಡು ಹೋಗುತ್ತಾರೆ. ಉಳಿದ ಮೀನು ಬಿಸಿಲಿನಲ್ಲಿ ಬಾಡಿ, ಕಿವಿರಿನ ಕೆಂಪು ಕಂದಿ, ಮಧ್ಯಾಹ್ನದ ಹೊತ್ತಿಗೆ ಅರ್ಧ ಬೆಲೆಗೆ ಇಳಿಯುತ್ತದೆ. ಸಂಜೆಗೆ ಅದನ್ನು ಕೇಳುವವರೇ ಇರುವುದಿಲ್ಲ. ನಾಲ್ಕಾರು ತಿಂಗಳು ನೀರಿನಲ್ಲಿ ಬೆಳೆದ ಪದಾರ್ಥವು ನಾಲ್ಕಾರು ಗಂಟೆಗಳಲ್ಲಿ ಹಾಳಾಗುವುದನ್ನು ಕಂಡು ಮರುಗದಿರುವವರಾರು?

ಇದಕ್ಕೆ ಮೀನುಗಾರರ ಅಜ್ಞಾನವೇ ಕಾರಣವೆಂದು ಹೇಳುವುದು ವಾಡಿಕೆಯಾಗಿದೆ. ನಾನು ಇದನ್ನು ಒಪ್ಪುವುದಿಲ್ಲ. ಒಂದು ಗ್ರಾಮದ ಏರಿಯ ಮೇಲೆ ಅಲ್ಲಿನ ಯಜಮಾನರು, ಮೀನು ಕೊಯ್ಯುತ್ತಿದ್ದ ಮುದುಕಿಯೊಬ್ಬಳನ್ನು ಕುರಿತು, ಇಷ್ಟು ಹೊಲಸು ಮಾಡುವುದೇಕೆಂದು ಗದರಿಸಿದರು. ಆಕೆಯು ಕತ್ತಿಯನ್ನು ಕೆಳಗಿಟ್ಟು, “ನಮಗೆ ಗೊತ್ತಿಲ್ಲವೆಂದಲ್ಲ, ಗೌಡರೇ. ಕಲ್ಲಿಲ್ಲ, ನೆರಳಿಲ್ಲ, ಒಳ್ಳೆಯ ನೀರಿಲ್ಲ. ಬರಿಯ ಮಣ್ಣಿನ ಮೇಲೆ ಕುಳಿತು ಎಷ್ಟು ಹಸನು ಮಾಡಲಾದೀತು?” ಎಂದಳು. ಯಜಮಾನರಿಗೆ ಉತ್ತರ ತೋರಲಿಲ್ಲ. ಆ ಮುದುಕಿಯ ಮಾತೇ ಈ ಲೇಖನದ ಸಾರಾಂಶವೆಂದು ತಿಳಿಯಬಹುದು. ಮೀನನ್ನು ಹಸನುಮಾಡುವ ಕೈಗಳು ನಮ್ಮಲ್ಲಿ ಇವೆ. ಆ ಕೈಗಳಿಗೆ ಬೇಕಾದ ಸ್ಥಳವನ್ನು ಒದಗಿಸತಕ್ಕವರು ಗ್ರಾಮದ ಮುಖ್ಯರು.

ಮೀನಿನ ವಿಷಯದಲ್ಲಿ ಗಮನವಿಡುವುದು ದೊಡ್ಡವರಿಗೆ ತಕ್ಕುದಲ್ಲವೆಂದು ಭಾವಿಸುವವರಿಗೆ ಒಂದು ಸಂಗತಿಯನ್ನು ಜ್ಞಾಪಿಸುತ್ತೇನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮೀನುಗಳ ಜಾತಿಗಳನ್ನೂ, ಅವುಗಳ ಮೇವನ್ನೂ, ಗಾಳ ಹಾಕುವ ಕ್ರಮವನ್ನೂ ವಿವರವಾಗಿ ಹೇಳಿರುತ್ತಾನೆ. ಕನ್ನಡನಾಡನ್ನು ಆಳಿದ ಅರಸನಿಗೆ ಕೀಳೆನಿಸದ ವಿಷಯವು ನಮಗೆ ಕೀಳೆನಿಸಲು ಕಾರಣವಿಲ್ಲ.

ಮೀನು ಇತರ ಮಾಂಸಗಳಿಗಿಂತ ಬೇಗನೆ ಕೆಡುವುದೇಕೆಂಬುದನ್ನು ಮೊದಲು ತಿಳಿಯುವುದು ಅವಶ್ಯಕ. ಜೀವಂತ ಮೀನಿನ ಮಾಂಸದೊಳಗೆ ಕೊಳೆಯಿಸುವ ಸೂಕ್ಷ್ಮಜೀವಿಗಳು ಇರುವುದಿಲ್ಲ. ಅವುಗಳ ವಾಸವು ಮೈಮೇಲಿನ ಲೋಳೆಯಲ್ಲಿ, ಕಿವಿರುಗಳಲ್ಲಿ ಮತ್ತು ಕರುಳಿನಲ್ಲಿ. ಮೀನು ಸತ್ತ ಕೂಡಲೆ ಇವು ಮೂರು ಕಡೆಗಳಿಂದಲೂ ಮಾಂಸಕ್ಕೆ ನುಗ್ಗುತ್ತವೆ. ಇದಲ್ಲದೆ ಕರುಳಿನಲ್ಲಿರುವ ಜೀರ್ಣರಸಗಳು ತಮ್ಮ ಕೆಲಸವನ್ನು ನಿಲ್ಲಿಸದೆ ಹೊಟ್ಟೆಯ ಗೋಡೆಯನ್ನೇ ಕರಗಿಸತೊಡಗುತ್ತವೆ. ಹೊಟ್ಟೆ ತುಂಬ ಮೇವಿರುವ ಮೀನಿನ ಹೊಟ್ಟೆ ಬೇಗ ಒಡೆಯುವುದು ಇದರಿಂದಲೇ. ಮೀನನ್ನು ಬಹಳ ಹೊತ್ತು ಒದ್ದಾಡಿಸಿ ಸಾಯಿಸಿದರೆ ಅದರ ಮಾಂಸದಲ್ಲಿನ ಸತ್ವವು ಕರಗಿಹೋಗಿ ಮೈ ಬೇಗ ಸೆಟೆದು, ಬೇಗ ಸಡಿಲಾಗಿ, ಬೇಗ ಕೆಡುತ್ತದೆ. ಬಿಸಿಲು ಹೆಚ್ಚಿದಷ್ಟೂ ಇವೆಲ್ಲವೂ ತೀವ್ರವಾಗುತ್ತವೆ. ಫಾಲ್ಗುಣ ಚೈತ್ರಗಳ ಬಿಸಿಲಿನಲ್ಲಿ ಬೆಳಿಗ್ಗೆ ಹಿಡಿದ ಮೀನು ಹೊತ್ತು ಮುಳುಗುವಷ್ಟರಲ್ಲಿ ಕೆಡುವುದು. ಅದೇ ಮೀನನ್ನು ಹಿಡಿದ ಕೂಡಲೆ ಹಸನುಮಾಡಿ ಮಂಜುಗಡ್ಡೆಯಲ್ಲಿಟ್ಟರೆ ಒಂದು ವಾರದ ಮೇಲೂ ಉಣ್ಣಲು ಯೋಗ್ಯವಾಗಿರುವುದು.

ಹಾಗಾದರೆ ಹಿಡಿದ ಮೀನನ್ನೆಲ್ಲ ಕೂಡಲೆ ಕೊಯ್ಯಬೇಕೇ ಎಂದರೆ, ಹಾಗಲ್ಲ. ಇಲ್ಲಿ ವಿವೇಚನೆಯು ಬೇಕು. ಊರಿನಲ್ಲಿಯೇ ಒಂದೆರಡು ಗಂಟೆಗಳೊಳಗೆ ಮಾರಾಟವಾಗುವ ಮೀನನ್ನು ನೀರು ತುಂಬಿದ ತೊಟ್ಟಿಯಲ್ಲಿ ಜೀವಂತವಾಗಿಯೋ, ನೆರಳಿನಲ್ಲಿ ಒದ್ದೆಗೋಣಿಯ ಕೆಳಗೆ ಇಡಿಯಾಗಿಯೋ ಇಡುವುದೇ ಲೇಸು. ಕೊಳ್ಳುವವನಿಗೆ ಕಣ್ಣಿನ ಹೊಳಪು, ಕಿವಿರಿನ ಕೆಂಪು, ಒತ್ತಿದರೆ ಮರಳಿ ಮೇಲೇಳುವ ಮಾಂಸ ಇವನ್ನು ನೋಡಿ ಪರೀಕ್ಷಿಸಲು ಅದರಿಂದ ಅನುಕೂಲವೂ ಉಂಟು. ಮಂಜುಗಡ್ಡೆಯೂ ಶುದ್ಧವಾದ ನೀರೂ ಇಲ್ಲದೆ ಕೊಯ್ದಿಟ್ಟರೆ, ಕೊಯ್ದ ಬಾಯಿಯಿಂದಲೇ ಕೊಳೆಯು ಒಳಹೊಕ್ಕು ಮೊದಲಿಗಿಂತ ಹೆಚ್ಚು ಹಾನಿಯಾದೀತು. ಪೇಟೆಗೆ ಕಳುಹಿಸುವ ದೊಡ್ಡ ಮೀನನ್ನೂ, ಮಾರನೆಯ ದಿನಕ್ಕೆ ಇಡುವ ಮೀನನ್ನೂ ಮಾತ್ರ ಏರಿಯ ಬಳಿಯಲ್ಲಿಯೇ ಕರುಳು ಕಿವಿರುಗಳನ್ನು ತೆಗೆದು, ತೊಳೆದು, ಮಂಜುಗಡ್ಡೆಯಲ್ಲಿ ತುಂಬತಕ್ಕದ್ದು.

ಹಸನುಮಾಡುವ ಕ್ರಮವು ಕಷ್ಟವಾದುದಲ್ಲ. ಆದರೆ ಒಂದರ ಹಿಂದೊಂದಾಗಿ ತಪ್ಪದೆ ನಡೆಯಬೇಕು. ಮೀನನ್ನು ತಲೆಯ ಮೇಲೆ ಒಂದೇ ಪೆಟ್ಟಿನಿಂದ ನಿಶ್ಚೇಷ್ಟಗೊಳಿಸಿ, ಕಿವಿರಿನ ಬುಡವನ್ನು ಕೊಯ್ದು ರಕ್ತವನ್ನು ಹರಿಯಬಿಡಬೇಕು. ಇದರಿಂದ ಮಾಂಸವು ಬಿಳುಪಾಗಿ ಉಳಿಯುತ್ತದೆ. ಬಳಿಕ ಲೋಳೆಯನ್ನು ತೊಳೆದು, ಮೈ ಒದ್ದೆಯಾಗಿರುವಾಗಲೇ ಬಾಲದಿಂದ ತಲೆಯ ಕಡೆಗೆ ಹುರುಪೆಯನ್ನು ಕೆರೆಯಬೇಕು. ಒಣಗಿದ ಮೇಲೆ ಕೆರೆದರೆ ಹುರುಪೆಯು ಸಿಡಿಯುವುದಲ್ಲದೆ ಚರ್ಮವೂ ಹರಿಯುತ್ತದೆ. ಆಮೇಲೆ ಗುದದ್ವಾರದಿಂದ ಮುಂದಕ್ಕೆ ಕಿವಿರುಗಳ ನಡುವಿನವರೆಗೆ, ಕತ್ತಿಯ ಮೊನೆಯನ್ನು ಆಳಕ್ಕಿಳಿಸದೆ, ಹೊಟ್ಟೆಯ ಗೋಡೆಯನ್ನಷ್ಟೇ ಸೀಳಬೇಕು. ಕರುಳು, ಯಕೃತ್ತು, ಗಾಳಿಚೀಲಗಳನ್ನು ಒಟ್ಟಿಗೆ ಹೊರಕ್ಕೆ ಎಳೆದು, ಕಿವಿರುಗಳನ್ನೂ ಕಿತ್ತುಹಾಕಬೇಕು. ಬೆನ್ನುಮೂಳೆಯ ಉದ್ದಕ್ಕೂ ಒಳಗಡೆ ಕಪ್ಪುಗೆಂಪಾಗಿ ಅಂಟಿಕೊಂಡಿರುವ ರಕ್ತದ ಗೆರೆಯನ್ನು ಬೆರಳಿನ ಉಗುರಿನಿಂದಲೋ ಚಮಚದ ತುದಿಯಿಂದಲೋ ಕೆರೆದು ತೆಗೆಯದೆ ಬಿಡಕೂಡದು. ಮೀನು ಮೊದಲು ನಾರುವುದು ಅಲ್ಲಿಂದ. ಕೆಲವು ಜಾತಿಗಳ ಹೊಟ್ಟೆಯ ಒಳಮೈಯಲ್ಲಿ ಕಾಣುವ ಕಪ್ಪು ಪೊರೆಯನ್ನೂ ಉಜ್ಜಿ ತೆಗೆಯಬೇಕು. ಕೊನೆಗೆ ಬಾವಿಯ ಅಥವಾ ಕೊಳವೆಬಾವಿಯ ಶುದ್ಧವಾದ ನೀರಿನಲ್ಲಿ ತೊಳೆಯಬೇಕೇ ಹೊರತು, ಕರುಳು ತೇಲುತ್ತಿರುವ ಕೆರೆಯ ಅಂಚಿನ ನೀರಿನಲ್ಲಿ ಎಂದಿಗೂ ಕೂಡದು. ತೊಳೆದುದನ್ನು ಹೊಟ್ಟೆ ಕೆಳಗಾಗಿರುವಂತೆ ಪೆಟ್ಟಿಗೆಯಲ್ಲಿ ಜೋಡಿಸಿ, ಮೀನಿನಷ್ಟೇ ತೂಕದ ಪುಡಿಮಾಡಿದ ಮಂಜುಗಡ್ಡೆಯನ್ನು ಪದರಪದರವಾಗಿ ಹಾಕಬೇಕು. ಕರಗಿದ ನೀರು ಹೊರಕ್ಕೆ ಹೋಗಲು ಪೆಟ್ಟಿಗೆಯ ತಳದಲ್ಲಿ ರಂಧ್ರವಿರಬೇಕು.

ಇಲ್ಲಿ ವಿಶೇಷವಾಗಿ ಎಚ್ಚರಿಕೆ ಹೇಳತಕ್ಕ ಒಂದು ವಿಷಯವಿದೆ. ಯಕೃತ್ತಿಗೆ ಅಂಟಿಕೊಂಡು ಹಸುರಾಗಿ ಕಾಣುವ ಚಿಕ್ಕ ಚೀಲವೇ ಪಿತ್ತಕೋಶ. ಅದು ಒಡೆದರೆ ಮಾಂಸವು ಕಹಿಯಾಗುತ್ತದೆಂಬುದನ್ನು ಎಲ್ಲರೂ ಬಲ್ಲರು. ಒಡೆದಲ್ಲಿ ಕೂಡಲೆ ತೊಳೆದು, ಹಳದಿ ಬಣ್ಣ ಹಿಡಿದ ಭಾಗವನ್ನು ಕೊಯ್ದು ಬಿಸಾಡಬೇಕು. ಆದರೆ ಗೆಂಡೆಯ ಜಾತಿಯ ಮೀನುಗಳ ಪಿತ್ತವು ಕಹಿಯಷ್ಟೇ ಅಲ್ಲ, ವಿಷವೂ ಹೌದೆಂಬುದು ಅನೇಕರಿಗೆ ತಿಳಿಯದು. ಕಣ್ಣಿಗೆ ಒಳ್ಳೆಯದೆಂದೋ, ಸಕ್ಕರೆ ಕಾಯಿಲೆಗೂ ಉಬ್ಬಸಕ್ಕೂ ಮದ್ದೆಂದೋ ರೋಹು, ಕಾಟ್ಲಾ ಮುಂತಾದವುಗಳ ಪಿತ್ತಕೋಶವನ್ನು ಹಸಿಯಾಗಿ ನುಂಗಿದವರಿಗೆ ವಾಂತಿಭೇದಿಗಳು ಹತ್ತಿ, ಎರಡು ಮೂರು ದಿನಗಳಲ್ಲಿ ಮೂತ್ರವು ಕಟ್ಟಿ, ಮೂತ್ರಪಿಂಡಗಳು ಕೆಲಸ ನಿಲ್ಲಿಸಿದ ಪ್ರಸಂಗಗಳು ನಮ್ಮ ದೇಶದಲ್ಲಿಯೇ ವೈದ್ಯರ ಕಣ್ಣಿಗೆ ಬಿದ್ದಿರುತ್ತವೆ. ಬೇಯಿಸಿದರೂ ಈ ವಿಷವು ಹೋಗುವುದಿಲ್ಲ. ಯಾರಾದರೂ ನುಂಗಿದುದು ತಿಳಿದುಬಂದಲ್ಲಿ, ವಾಂತಿಯು ನಿಂತಿತೆಂದು ಸಮಾಧಾನಪಡದೆ ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ರಾಮದ ಹಿರಿಯರು ತಮ್ಮ ಊರಿನಲ್ಲಿ ಈ ಪದ್ಧತಿಯು ಇದ್ದರೆ ಅದನ್ನು ನಿಲ್ಲಿಸುವುದು ಒಂದು ಪ್ರಾಣವನ್ನುಳಿಸಿದ ಪುಣ್ಯಕ್ಕೆ ಸಮಾನ.

ಹುರುಪೆಯಿಲ್ಲದ ಮೀಸೆಮೀನುಗಳನ್ನು ಹಸನುಮಾಡುವ ಬಗೆಯು ಬೇರೆ. ಅವುಗಳ ಮೈ ಜಾರುವುದರಿಂದ ಒಲೆಯ ಬೂದಿಯನ್ನೋ ಕಲ್ಲುಪ್ಪನ್ನೋ ಹಾಕಿ ಉಜ್ಜಿ ಲೋಳೆಯನ್ನು ತೆಗೆಯುವ ನಮ್ಮ ಹೆಂಗಸರ ಪದ್ಧತಿಯು ಸರಿಯಾದುದೇ. ಚೇಳುಮೀನಿನ ಎದೆಯ ರೆಕ್ಕೆಗಳಲ್ಲಿರುವ ಮುಳ್ಳು ಚುಚ್ಚಿದರೆ ಅಸಾಧ್ಯವಾದ ನೋವಾಗುತ್ತದೆ. ಆದುದರಿಂದ ಕೆಲಸಕ್ಕೆ ಕೈಹಾಕುವ ಮುನ್ನ ಆ ಮುಳ್ಳುಗಳನ್ನು ಮುರಿದುಹಾಕಬೇಕು. ಚುಚ್ಚಿದಲ್ಲಿ, ಚರ್ಮವು ಬೇಯದಷ್ಟು ಆದರೆ ತಾಳುವಷ್ಟು ಬಿಸಿಯಾದ ನೀರಿನಲ್ಲಿ ಕೈಯನ್ನು ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಅದ್ದಿಟ್ಟರೆ ನೋವು ಇಳಿಯುತ್ತದೆ. ಮುರಿದ ಮುಳ್ಳು ಒಳಗೆ ಉಳಿದಿದ್ದರೆ ವೈದ್ಯರಿಗೆ ತೋರಿಸಬೇಕು. ಮೀನು ಕೊಯ್ಯುವವರ ಕೈಗಾಯಗಳನ್ನು ಅಲಕ್ಷ್ಯ ಮಾಡಕೂಡದು.

ಇನ್ನು ಮುಳ್ಳು ಬಿಡಿಸಿ ಮಾಂಸವನ್ನು ಹಲಗೆಯಂತೆ ತೆಗೆಯುವ ವಿಷಯ. ಪಟ್ಟಣಗಳಲ್ಲಿ ಇದಕ್ಕೆ ಫಿಲೆಟ್ ಎನ್ನುತ್ತಾರೆ. ಕಿವಿರಿನ ಮುಚ್ಚಳದ ಹಿಂದೆ ಬೆನ್ನುಮೂಳೆ ತಗಲುವವರೆಗೆ ಕೊಯ್ದು, ಕತ್ತಿಯನ್ನು ಬಾಲದ ಕಡೆಗೆ ತಿರುಗಿಸಿ, ಮೂಳೆಯ ಮೇಲೆಯೇ ಒರಗಿಸಿಕೊಂಡು ಸಾಗಿಸಿದರೆ ಒಂದು ಪಕ್ಕದ ಮಾಂಸವು ಬಿಡಿಸಿಕೊಂಡು ಬರುತ್ತದೆ. ಪಕ್ಕೆಲುಬುಗಳನ್ನು ಓರೆಯಾಗಿ ಕೊಯ್ದು ತೆಗೆದು, ಬಾಲದ ತುದಿಯನ್ನು ಹಿಡಿದು ಚರ್ಮವನ್ನು ಬಿಡಿಸಬಹುದು. ಆದರೆ ಕಾಟ್ಲಾ, ರೋಹು, ಗೆಂಡೆಗಳಲ್ಲಿ ಇಷ್ಟರಿಂದಲೇ ಮುಳ್ಳುಗಳೆಲ್ಲ ಹೋದವೆಂದು ನಂಬುವುದು ತಪ್ಪು. ಅವುಗಳ ಮಾಂಸದೊಳಗೆ, ಬೆನ್ನುಮೂಳೆಗೆ ಸೇರದೆ, ಕವಲೊಡೆದ ಸಣ್ಣ ಮುಳ್ಳುಗಳು ಅನೇಕವಾಗಿ ಹರಡಿರುತ್ತವೆ. ಮಾಂಸದ ಹಲಗೆಯನ್ನು ಚರ್ಮದೊಡನೆ ಇಟ್ಟುಕೊಂಡು, ಚರ್ಮವನ್ನು ಕೊಯ್ಯದೆ, ಅರ್ಧ ಬೆರಳಿಗಿಂತ ಕಡಿಮೆ ಅಂತರದಲ್ಲಿ ಅಡ್ಡಡ್ಡವಾಗಿ ಗೀರುಗಳನ್ನು ಹಾಕಿ ಕಾದ ಎಣ್ಣೆಯಲ್ಲಿ ಕರಿದರೆ ಆ ಮುಳ್ಳುಗಳು ತುಂಡಾಗಿ, ಗರಿಯಾಗಿ, ಗಂಟಲಿಗೆ ತೊಂದರೆ ಕೊಡುವುದಿಲ್ಲ. ಕೊರವ, ಜಿಲೇಬಿ ಮುಂತಾದ ಮೀನುಗಳಲ್ಲಿ ಈ ತೊಡಕಿಲ್ಲವಾದ್ದರಿಂದ ಅವುಗಳ ಮಾಂಸವನ್ನು ಸುಲಭವಾಗಿ ಬಿಡಿಸಬಹುದು.

ಮನೆಗಳಲ್ಲೆಲ್ಲ ಹೀಗೆ ಮುಳ್ಳು ಬಿಡಿಸಿಯೇ ಉಣ್ಣಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಹೀಗೆ ತೆಗೆದರೆ ಇಡಿಯ ಮೀನಿನ ತೂಕದಲ್ಲಿ ಅರ್ಧಕ್ಕಿಂತಲೂ ಕಡಿಮೆ ಮಾಂಸವು ದೊರೆಯುವುದು. ನಮ್ಮ ಸಾರಿಗೆ ಮೂಳೆಯ ರುಚಿಯು ಬೇಕು. ತಲೆಯೇ ಮೀನಿನ ಸವಿಯೆನ್ನುವವರೂ ಉಂಟು. ತಲೆಯನ್ನೂ ನಡುಮೂಳೆಯನ್ನೂ ಬಿಸಾಡುವುದು ನಮ್ಮಂಥ ದೇಶಕ್ಕೆ ತಕ್ಕ ಮಾತಲ್ಲ. ಆದರೆ ಮುಳ್ಳಿನ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ, ಹಲ್ಲು ಬಿದ್ದ ಮುದುಕರಿಗೂ, ಕಾಯಿಲೆಯಿಂದ ಎದ್ದವರಿಗೂ ಕೆರೆಯ ಮೀನನ್ನು ಬಡಿಸುವುದಿಲ್ಲ. ಮೈಗೆ ಬಲ ಕೊಡುವ ಆಹಾರವು ಯಾರಿಗೆ ಹೆಚ್ಚಾಗಿ ಬೇಕೋ ಅವರಿಗೇ ಅದು ತಪ್ಪಿಹೋಗುತ್ತದೆ. ಮುಳ್ಳು ಬಿಡಿಸುವ ಕೈಚಳಕವನ್ನು ಊರಿನ ನಾಲ್ಕು ಮಂದಿ ಹೆಂಗಸರು ಕಲಿತರೂ ಸಾಕು. ಬೇಕಾದ ಮನೆಗೆ ಬೇಕಾದಷ್ಟು ಹೋಳುಗಳು ದೊರೆಯುವುವು, ಅವರಿಗೂ ನಾಲ್ಕು ಕಾಸಿನ ಸಂಪಾದನೆಯಾಗುವುದು, ಉಳಿದ ತಲೆಮೂಳೆಗಳು ಸಾರಿಗೆ ಹೋಗುವುವು.

ಕೆರೆಯ ಮೀನಿಗೆ ಕೆಸರಿನ ವಾಸನೆಯೆಂದು ದೂರುವವರಿದ್ದಾರೆ. ಇದಕ್ಕೆ ಕಾರಣವು ಮಣ್ಣಲ್ಲ. ಪಾಚಿಯಲ್ಲಿಯೂ ಕೆಸರಿನಲ್ಲಿಯೂ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳಿಂದ ಹುಟ್ಟುವ ಒಂದು ಪದಾರ್ಥವು ಮೀನಿನ ಮೈಗೆ ಸೇರುವುದೇ ಕಾರಣ. ಜೀವಂತ ಮೀನನ್ನು ಕೆಲವು ದಿನ ತಿಳಿಯಾದ ಹರಿಯುವ ನೀರಿನ ತೊಟ್ಟಿಯಲ್ಲಿಟ್ಟರೆ ವಾಸನೆಯು ಇಳಿಯುತ್ತದೆ. ಅದು ಸಾಧ್ಯವಿಲ್ಲದಿದ್ದಲ್ಲಿ ಚರ್ಮವನ್ನೂ, ಪಕ್ಕದ ಕಪ್ಪು ಮಾಂಸವನ್ನೂ ತೆಗೆದು, ಉಪ್ಪು ಹುಣಿಸೆಹುಳಿಗಳಲ್ಲಿ ಸ್ವಲ್ಪ ಹೊತ್ತು ನೆನೆಸಿಡಬೇಕು. ಹುಳಿಯು ಆ ಪದಾರ್ಥವನ್ನು ಮುರಿಯುತ್ತದೆ. ನಮ್ಮ ಅಜ್ಜಿಯರು ಮೀನಿನ ಸಾರಿಗೆ ಹುಣಿಸೆಯನ್ನು ಬಿಡದೆ ಹಾಕುತ್ತಿದ್ದುದು ಬರಿಯ ರುಚಿಗಾಗಿ ಮಾತ್ರವೇ ಆಗಿರಲಿಲ್ಲ. ಆದರೆ ಹುಳಿ ಉಪ್ಪುಗಳನ್ನು ಹಚ್ಚಿದ ಮಾತ್ರಕ್ಕೆ ಮೀನು ಬೆಂದಂತಾಗುವುದಿಲ್ಲ. ಸಿಹಿನೀರಿನ ಮೀನಿನಲ್ಲಿ ಮನುಷ್ಯರಿಗೆ ತಗಲುವ ಹುಳುಗಳಿರುವುದುಂಟಾದ್ದರಿಂದ ಚೆನ್ನಾಗಿ ಬೇಯಿಸಿಯೇ ಉಣ್ಣಬೇಕು.

ಕೊಯ್ದು ಉಳಿದ ಕರುಳು, ಕಿವಿರು, ಹುರುಪೆಗಳನ್ನು ಕೆರೆಗೆ ಎಸೆಯುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೀರು ಕಡಿಮೆಯಾಗಿರುವ ಆ ದಿನಗಳಲ್ಲಿ ಅವು ಕೊಳೆಯುವಾಗ ನೀರಿನಲ್ಲಿರುವ ಪ್ರಾಣವಾಯುವನ್ನು ಹೀರಿಕೊಳ್ಳುತ್ತವೆ. ಇನ್ನೂ ಬಲೆಗೆ ಬೀಳದ ಮೀನು ಸಾಯಲು ಇದೊಂದು ಕಾರಣವಾಗಬಹುದು. ಅದೇ ನೀರನ್ನು ಊರಿನ ದನಗಳು ಕುಡಿಯಬೇಕು. ಏರಿಯ ಮೇಲೆ ಬಿಸಾಡಿದರೆ ನಾಯಿಗಳೂ ನೊಣಗಳೂ ಮುತ್ತುತ್ತವೆ. ಭೂಮಾಲಿಕರು ಗಮನಿಸತಕ್ಕುದೇನೆಂದರೆ, ಹೀಗೆ ಹಾಳುಮಾಡುವ ಪದಾರ್ಥವು ಒಳ್ಳೆಯ ಗೊಬ್ಬರ. ಗುಂಡಿಯಲ್ಲಿ ಒಣ ತರಗೆಲೆ, ಮೀನಿನ ಕಸ, ಮಣ್ಣು ಹೀಗೆ ಪದರಗಳಾಗಿ ತುಂಬಿ ಮುಚ್ಚಿದರೆ ತೆಂಗಿಗೂ ಅಡಕೆಗೂ ಹಾಕಬಹುದಾದ ಗೊಬ್ಬರವಾಗುತ್ತದೆ. ಸಮತೂಕದ ಬೆಲ್ಲದೊಡನೆ ಕಲಸಿ ಮುಚ್ಚಿಟ್ಟು, ಹುಳಿತು ಬಸಿದ ರಸವನ್ನು ಹೆಚ್ಚು ನೀರು ಬೆರೆಸಿ ಬೆಳೆಗಳಿಗೆ ಕೊಡುವ ರೈತರೂ ಈಚೆಗೆ ಹೆಚ್ಚುತ್ತಿದ್ದಾರೆ.

ಈಗ ಗ್ರಾಮಮುಖ್ಯರು ಮಾಡಬೇಕಾದುದೇನೆಂಬುದನ್ನು ಹೇಳಿ ಮುಗಿಸುವೆನು. ಏರಿಯ ಹೊರಮಗ್ಗುಲಲ್ಲಿ, ತೂಬಿಗೂ ಕುಡಿಯುವ ನೀರಿನ ಬಾವಿಗೂ ದೂರವಾಗಿ, ಸೊಂಟದೆತ್ತರಕ್ಕೆ ಎರಡು ಕಲ್ಲುಚಪ್ಪಡಿಗಳನ್ನು ಒಂದು ಕಡೆಗೆ ಓರೆಯಾಗಿರುವಂತೆ ನಿಲ್ಲಿಸಬೇಕು. ಮೇಲೆ ಒಂದು ಚಪ್ಪರ, ಪಕ್ಕದಲ್ಲಿ ನಲ್ಲಿಯಿರುವ ಮುಚ್ಚಿದ ನೀರಿನ ಪೀಪಾಯಿ, ಹತ್ತಡಿ ದೂರದಲ್ಲಿ ಕಸದ ಗುಂಡಿ, ತೊಳೆದ ನೀರು ಇಂಗಲು ಜಲ್ಲಿ ತುಂಬಿದ ಇನ್ನೊಂದು ಗುಂಡಿ. ಇಷ್ಟೇ ಸಾಕು. ಮೀನು ಹಿಡಿಯುವ ದಿನಕ್ಕೆ ಪೇಟೆಯಿಂದ ಮಂಜುಗಡ್ಡೆ ಬರುವಂತೆ ಮೊದಲೇ ಗೊತ್ತುಮಾಡಬೇಕು. ಮಂಜುಗಡ್ಡೆ ಬಾರದ ದಿನ ಬಲೆ ಇಳಿಸಕೂಡದು. ಕೆರೆಯ ಮೀನಿನ ಗುತ್ತಿಗೆಯು ಪಂಚಾಯತಿಯ ಕೈಯಲ್ಲಿರುವೆಡೆ, ಕಸವನ್ನು ಕೆರೆಗೆ ಹಾಕಕೂಡದೆಂದೂ, ಹಸನುಮಾಡುವ ಕೆಲಸದ ಕೂಲಿಯನ್ನು ಆ ದಿನವೇ ಕೊಡತಕ್ಕದ್ದೆಂದೂ ಗುತ್ತಿಗೆಯ ಷರತ್ತುಗಳಲ್ಲಿ ಬರೆಯಿಸಬಹುದು. ಒಂದೇ ದಿನ ಕೆರೆಯನ್ನೆಲ್ಲ ಬಳಿಯದೆ, ಮಾರಾಟವಾಗುವಷ್ಟನ್ನೇ ಹಿಡಿದು ಉಳಿದುದನ್ನು ನೀರಿನಲ್ಲಿಯೇ ಬಿಡುವಂತೆ ತಿಳಿಯಹೇಳಬೇಕು. ನೀರಿಗಿಂತ ಒಳ್ಳೆಯ ಉಗ್ರಾಣವು ಮೀನಿಗೆ ಬೇರೊಂದಿಲ್ಲ.

ಇದಕ್ಕೆಲ್ಲ ಹಣವೆಲ್ಲಿಯದೆಂದು ಕೆಲವರು ಕೇಳಬಹುದು. ಚಪ್ಪಡಿಯು ಒಮ್ಮೆ ನಿಂತರೆ ಮಕ್ಕಳ ಕಾಲಕ್ಕೂ ಇರುವುದು. ಮಧ್ಯಾಹ್ನದ ಮೇಲೆ ಅರ್ಧ ಬೆಲೆಗೆ ಹೋಗುವ ಮೀನಿನ ನಷ್ಟವನ್ನು ಒಂದೆರಡು ವರ್ಷ ಲೆಕ್ಕವಿಟ್ಟು ನೋಡಿದರೆ ವೆಚ್ಚವೆಷ್ಟು, ಉಳಿತಾಯವೆಷ್ಟು ಎಂಬುದು ತಾನಾಗಿಯೇ ತಿಳಿಯುವುದು. ಮೀನು ತಿನ್ನದ ನಾವು ಇದರಲ್ಲಿ ಏಕೆ ಸೇರಬೇಕೆಂದು ಇನ್ನು ಕೆಲವರು ಹೇಳುವರು. ಅವರಿಗೆ ನನ್ನ ಉತ್ತರವು ಇಷ್ಟೆ: ಮೀನು ಅವರದಲ್ಲದಿರಬಹುದು, ಕೆರೆಯ ನೀರು ಅವರದು, ಆ ನೀರನ್ನು ಕುಡಿಯುವ ದನಗಳು ಅವರವು.

ಕೊನೆಯದಾಗಿ ಒಂದು ಮಾತು. ಬೇಸಗೆಯು ಮುಗಿದು ಮುಂಗಾರಿನ ಮೊದಲ ಮಳೆಗೆ ಹಳ್ಳಕೊಳ್ಳಗಳಲ್ಲಿ ಹೊಸನೀರಿಗೆ ಎದುರಾಗಿ ಹತ್ತುವ ಮೀನನ್ನು ಕೊಯ್ದಾಗ ಹೊಟ್ಟೆಯ ತುಂಬ ಮೊಟ್ಟೆಗಳಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಮೊಟ್ಟೆಯಿಡಲು ಹೊರಟ ಆ ಮೀನನ್ನು ಬುಟ್ಟಿಗಟ್ಟಲೆ ಬಳಿದು ತಂದು ಎಷ್ಟು ಚೆನ್ನಾಗಿ ಹಸನುಮಾಡಿದರೇನು? ಬಿತ್ತನೆಯ ರಾಗಿಯನ್ನು ಬೀಸಿ ಉಂಡ ಮನೆಗೆ ಮುಂದಿನ ವರ್ಷ ಬೆಳೆಯೆಲ್ಲಿಯದು? ಆ ಕೆಲವು ವಾರಗಳು ಹಳ್ಳಕ್ಕೆ ಬಲೆಯನ್ನೂ ಕೂಳಿಯನ್ನೂ ಒಡ್ಡದಂತೆ ಊರಿನ ಹಿರಿಯರು ಕಟ್ಟುಮಾಡಿದರೆ, ಮುಂದಿನ ಮಾಘದಲ್ಲಿ ಕಲ್ಲುಚಪ್ಪಡಿಗೆ ಕೆಲಸವಿರುವುದು. ಹಾಗೂ ಆ ಚಪ್ಪಡಿಯ ಮುಂದೆ ನೆರಳಿನಲ್ಲಿ ನಿಂತು ಮೀನು ಕೊಯ್ಯುವ ಮುದುಕಿಗೆ, ಯಜಮಾನರನ್ನು ಕಂಡಾಗ, ದೂರುವುದಕ್ಕೆ ಏನೂ ಉಳಿದಿರಲಾರದು.